ಬಾಟಲಿಯೊಳಗಿನ ಗಿಡಕ್ಕೆ ಅಳೆದು ಕೊಡುವ ಪೆಟ್ಟು

ಗದಗ ಜಿಲ್ಲೆಯ ಮುಂಡರಗಿ ಕಡೆ, ಕಪ್ಪತಗುಡ್ಡದ ಬುಡದಲ್ಲಿ ನಮ್ಮ ಕಾಕಾನ ಹೊಲ ಇದೆ. ಬದುವಿನ ಬೇಲಿ ಮೇಲೆ ಒಂದು ಮಧುನಾಶಿನಿ ಬಳ್ಳಿ ಹಬ್ಬಿಕೊಂಡಿದೆ. ಅದಕ್ಕೆ ಯಾರೂ ನೀರು ಹಾಕಿಲ್ಲ, ಗೊಬ್ಬರ ಹಾಕಿಲ್ಲ. ಅದರದ್ದೇ ಒಂದು ಕಡ್ಡಿ ತಂದು ಕಾಕಾ ಮನೆಯ ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವ ಜಾಗದಲ್ಲಿ ನೆಟ್ಟಿದ್ದಾರೆ. ಹಿತ್ತಲಿನದು ಸೊಂಪಾಗಿ ಬೆಳೆದಿದೆ, ಎಲೆಗಳೂ ದೊಡ್ಡವು. ಆದರೆ ಯಾರಾದರೂ ಎಲೆ ಬೇಕು ಅಂತ ಕೇಳಿಕೊಂಡು ಬಂದರೆ ಕಾಕಾ ಹಿತ್ತಲಿಗೆ ಹೋಗುವುದಿಲ್ಲ, ಹೊಲಕ್ಕೇ ಹೋಗುತ್ತಾರೆ.

ಯಾಕೆ ಅಂತ ಕೇಳಿದೆ. "ಹಿತ್ತಲಾಗಿಂದು ನೋಡಾಕ ಛಲೋ ಐತಿ, ಆದ್ರ ಖದರಿಲ್ಲೋ ತಮ್ಮಾ. ಬದುವಿನ ಮ್ಯಾಗಿಂದು ಅಗಿದು ನೋಡು, ಬೆಲ್ಲ ಮಣ್ಣಾಗತೈತಿ" ಅಂದರು. ಮಧುನಾಶಿನಿಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಸಿಹಿ ಗುರುತಿಸುವ ಜಾಗವನ್ನು ಸ್ವಲ್ಪ ಹೊತ್ತು ಮುಚ್ಚಿಬಿಡುತ್ತವೆ. ಆಮೇಲೆ ಬೆಲ್ಲ ತಿಂದರೂ ಸಿಹಿ ಗೊತ್ತಾಗುವುದಿಲ್ಲ. ಕಾಕಾ ಎಲೆಯ ಶಕ್ತಿ ಅಳೆಯುವುದು ಹೀಗೆ, ನಾಲಿಗೆಯಿಂದ. ಅವರ ಈ ಒಂದು ಮಾತನ್ನು ಬಿಡಿಸಿ ಹೇಳುವುದಕ್ಕೇ ನಾನು ಇದನ್ನು ಬರೆಯುತ್ತಿದ್ದೇನೆ. ಲ್ಯಾಬ್‌ನಲ್ಲಿ ಬಾಟಲಿಯೊಳಗೆ ಬೆಳೆದ ಔಷಧಿ ಗಿಡದ ಜೀವಕೋಶಗಳಿಗೆ ವಿಕಿರಣ, ಅಂದರೆ ರೇಡಿಯೇಷನ್, ಕೊಡುತ್ತಾರಲ್ಲ, ಅದರ ಹಿಂದಿರುವ ವಿಚಾರವೂ ಇದೇ.

ಗಿಡ ಮಾಡುವ ವಸ್ತುಗಳಲ್ಲಿ ಎರಡು ಬಗೆ. ಬದುಕಲು ಬೇಕೇಬೇಕಾದವು ಒಂದು ಬಗೆ: ಸಕ್ಕರೆ, ಪಿಷ್ಟ, ಪ್ರೋಟೀನು, ಕೊಬ್ಬು. ಇವು ಎಲ್ಲ ಗಿಡದಲ್ಲೂ ಇರುತ್ತವೆ. ಇನ್ನೊಂದು ಬಗೆಯವು ಇಲ್ಲದಿದ್ದರೂ ಗಿಡ ಕೂಡಲೇ ಸಾಯುವುದಿಲ್ಲ. ಆದರೆ ಹುಳ ಬಂದಾಗ, ಬಿಸಿಲು ಸುಟ್ಟಾಗ, ಬೂಸು ಹತ್ತಿದಾಗ ಅವೇ ಅದನ್ನು ಕಾಯುತ್ತವೆ. ಹಾವೇರಿ ಜಿಲ್ಲೆಯವರಿಗೆ ಉದಾಹರಣೆ ದೂರ ಹುಡುಕಬೇಕಿಲ್ಲ, ಮೆಣಸಿನಕಾಯಿ ಇದೆಯಲ್ಲ. ಅದರ ಖಾರ ಕ್ಯಾಪ್ಸೈಸಿನ್ ಅನ್ನುವ ವಸ್ತುವಿನದು. ಅಗಿದು ಬೀಜ ಹಾಳು ಮಾಡುವ ಇಲಿಯಂಥ ಪ್ರಾಣಿಗಳಿಗೆ ಅದು ಉರಿಯುತ್ತದೆ. ಬೀಜವನ್ನು ಹಾಗೇ ನುಂಗಿ ದೂರ ಹಾಕಿಬರುವ ಹಕ್ಕಿಗಳಿಗೆ ಅದರ ಉರಿಯೇ ತಾಗುವುದಿಲ್ಲ. ಬ್ಯಾಡಗಿ ಕಾಯಿಯಲ್ಲಿ ಈ ಖಾರ ಕಡಿಮೆ, ಕೆಂಪು ಬಣ್ಣ ಜಾಸ್ತಿ. ನಾವು ಔಷಧಿ ಅಂತ ಕರೆಯುವುದರಲ್ಲಿ ಹೆಚ್ಚಿನವು ಈ ಎರಡನೇ ಬಗೆಯವೇ. ಗಿಡ ಅವನ್ನು ಮಾಡಿಕೊಂಡಿದ್ದು ತನ್ನ ಕಾವಲಿಗೆ, ನಮ್ಮ ಕಾಯಿಲೆಗೆ ಉಪಯೋಗ ಆಗಿದ್ದು ಆಮೇಲಿನ ಮಾತು.

ಕಾವಲಿನವನಿಗೆ ಸುಮ್ನೆ ಯಾರೂ ಸಂಬಳ ಕೊಡುವುದಿಲ್ಲ. ಈ ವಸ್ತುಗಳನ್ನು ಮಾಡಲು ಗಿಡಕ್ಕೆ ತುಂಬ ಖರ್ಚಾಗುತ್ತದೆ. ಹಾಗಾಗಿ ಅವನ್ನು ತುಸುವೇ ಮಾಡುತ್ತದೆ, ಬೇಕಾದಾಗ ಹೆಚ್ಚಿಸುತ್ತದೆ. ತುಸು ಅಂದರೆ ಎಷ್ಟು? ನಮ್ಮ ಮನೆಗಳ ಮುಂದೆ ನಸುಗೆಂಪು, ಬಿಳಿ ಹೂ ಬಿಡುವ ಕಾಶಿಕಣಗಿಲೆ ಇರುತ್ತದಲ್ಲ, ನಿತ್ಯಪುಷ್ಪ ಅಂತಲೂ ಅನ್ನುತ್ತಾರೆ. ಅದರಿಂದ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಅನ್ನುವ ಎರಡು ಕ್ಯಾನ್ಸರ್ ಔಷಧಗಳು ಬರುತ್ತವೆ. ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಕೊಡುವುದು ಎರಡನೆಯದನ್ನು. ಒಂದೇ ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ತೆಗೆಯಲು ಸುಮಾರು 500 ಕೆಜಿ ಒಣಗಿದ ಎಲೆ ಬೇಕು ಅಂತ ಲೆಕ್ಕ.

ಕಾಶಿಕಣಗಿಲೆಯಾದರೆ ಪರವಾಗಿಲ್ಲ, ಎಲ್ಲಿ ಬೇಕಾದರೂ ಬೆಳೆಯುತ್ತದೆ. ಧಾರವಾಡದಿಂದ ಪಶ್ಚಿಮಕ್ಕೆ, ಉತ್ತರ ಕನ್ನಡದ ಕಾಡಿಗೆ ಇಳಿದರೆ ದುರ್ವಾಸನೆ ಮರ ಅಂತ ಒಂದು ಸಣ್ಣ ಮರ ಸಿಗುತ್ತದೆ. ಹೂವಿಗೆ ಕೆಟ್ಟ ವಾಸನೆ, ಅದಕ್ಕೇ ಆ ಹೆಸರು. ಅದರೊಳಗೆ ಕ್ಯಾಂಪ್ಟೊಥೆಸಿನ್ ಇದೆ. ಇದನ್ನು 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಮೊದಲು ಒಂದು ಚೀನೀ ಮರದಲ್ಲಿ ಕಂಡುಹಿಡಿದರು. ನಮ್ಮ ಮರದಲ್ಲೂ ಇದೆ ಅಂತ 1972ರಲ್ಲಿ ಗೊತ್ತಾಯಿತು. ಇದನ್ನೇ ಸ್ವಲ್ಪ ಬದಲಾಯಿಸಿ ಮಾಡಿದ ಟೊಪೊಟೆಕಾನ್, ಇರಿನೊಟೆಕಾನ್ ಅಮೆರಿಕದಲ್ಲಿ 1996ರಿಂದ ಕ್ಯಾನ್ಸರ್ ಚಿಕಿತ್ಸೆಯಲ್ಲಿವೆ. ಬೇಡಿಕೆ ಬಂದಮೇಲೆ ಪಶ್ಚಿಮ ಘಟ್ಟದಲ್ಲಿ ಈ ಮರಗಳಿಗೆ ಕೊಡಲಿ ಬಿತ್ತು. ಎಲೆ ಕಿತ್ತುಕೊಂಡರೆ ಮರ ಮತ್ತೆ ಚಿಗುರುತ್ತದೆ, ತೊಗಟೆ ಮತ್ತು ಬೇರು ತೆಗೆದುಕೊಂಡರೆ ಏನು ಉಳಿಯುತ್ತದೆ? ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮ ಆಯಿತು, ಅದು ಬಹಳ ಸಮಾಧಾನದ ವಿಷಯ. ಆದರೆ ಗುಡ್ಡ ಉಳಿಸುವುದೂ ಔಷಧ ಒದಗಿಸುವುದೂ ಎರಡೂ ಆಗಬೇಕಾದರೆ ಬೇರು ಕೀಳದೆ ಔಷಧ ಮಾಡುವ ದಾರಿ ಬೇಕು, ಅಲ್ವಾ?

ಆ ದಾರಿಯೇ ಟಿಶ್ಯೂ ಕಲ್ಚರ್, ಅಂಗಾಂಶ ಕೃಷಿ. ಟಿಶ್ಯೂ ಕಲ್ಚರ್ ಬಾಳೆ ಎಲ್ಲರಿಗೂ ಗೊತ್ತು. ಇಲ್ಲಿ ಮಾತ್ರ ಗಿಡ ಬೇಕಾಗಿಲ್ಲ, ಅದರ ಜೀವಕೋಶ ಸಾಕು. ಎಲೆಯದೋ ಕಾಂಡದ್ದೋ ಒಂದು ಚೂರು ತೆಗೆದುಕೊಂಡು, ಮೇಲಿನ ಕ್ರಿಮಿಗಳನ್ನೆಲ್ಲ ತೊಳೆದು, ಬಾಟಲಿಯೊಳಗಿನ ಮೀಡಿಯಾ ಮೇಲೆ ಇಡುತ್ತಾರೆ. ಮೀಡಿಯಾ ಅಂದರೆ ಗಿಡಕ್ಕೆ ಬೇಕಾದ ಲವಣಗಳು, ವಿಟಮಿನ್ನು, ಲೀಟರಿಗೆ 30 ಗ್ರಾಂ ಸಕ್ಕರೆ, ಗಟ್ಟಿಯಾಗಲು ಅಗರ್. ತೋಶಿಯೊ ಮುರಾಶಿಗೆ ಮತ್ತು ಫೋಲ್ಕೆ ಸ್ಕೂಗ್ 1962ರಲ್ಲಿ ಕೊಟ್ಟ ಅಳತೆಯನ್ನೇ ಇವತ್ತಿಗೂ ಎಲ್ಲ ಕಡೆ ಎಂಎಸ್ ಮೀಡಿಯಾ ಅಂತ ಬಳಸುತ್ತಾರೆ. ಇದಕ್ಕೆ ಆಕ್ಸಿನ್, ಸೈಟೊಕೈನಿನ್ ಎಂಬ ಎರಡು ಜಾತಿಯ ಹಾರ್ಮೋನು ಸೇರಿಸುತ್ತಾರೆ. ಆಕ್ಸಿನ್ ಜಾಸ್ತಿಯಾದರೆ ಬೇರು, ಸೈಟೊಕೈನಿನ್ ಜಾಸ್ತಿಯಾದರೆ ಕುಡಿ, ಎರಡೂ ಒಂದು ಹದದಲ್ಲಿದ್ದರೆ ಬೇರೂ ಅಲ್ಲದ ಕುಡಿಯೂ ಅಲ್ಲದ ಒಂದು ಮೆತ್ತನೆಯ ಮುದ್ದೆ. ಅದಕ್ಕೆ ಕ್ಯಾಲಸ್ ಅಂತಾರೆ. ನೋಡಲು ಹಳದಿ ಮಿಶ್ರಿತ ಉಪ್ಪಿಟ್ಟಿನ ಉಂಡೆಯ ಹಾಗೆ ಇರುತ್ತದೆ. ಕ್ಯಾಲಸ್ಸನ್ನು ದ್ರವ ಮೀಡಿಯಾದಲ್ಲಿ ಹಾಕಿ ಅಲ್ಲಾಡಿಸುತ್ತಿದ್ದರೆ ಜೀವಕೋಶಗಳು ಬಿಡಿಬಿಡಿಯಾಗಿ ಬೆಳೆಯುತ್ತವೆ, ಆಮೇಲೆ ದೊಡ್ಡ ಟ್ಯಾಂಕಿನಲ್ಲೂ ಬೆಳೆಸಬಹುದು.

ಹೇಳಿದಷ್ಟು ಸುಲಭ ಅಲ್ಲ. ಧಾರವಾಡದ ಒಂದು ಲ್ಯಾಬ್‌ನಲ್ಲಿ ನಾನು ಇದನ್ನು ಕಲಿತೆ. ಇಲ್ಲಿ ಮಳೆ ಹಿಡಿಯಿತು ಅಂದರೆ ಗೊತ್ತಲ್ಲ, ವಾರಗಟ್ಟಲೆ ಜಿಟಿಜಿಟಿ, ಗೋಡೆಗೆಲ್ಲ ತಂಪು. ಆ ದಿನಗಳಲ್ಲಿ ಬಾಟಲಿಗಳಲ್ಲಿ ಬೂಸು ಬರುತ್ತಿತ್ತು. ಒಂದು ಆಷಾಢದಲ್ಲಿ ನಾಲ್ಕು ತಿಂಗಳ ಕೆಲಸ ಹಾಗೇ ಹೋಯಿತು, ಆ ಬೇಸರ ಇನ್ನೂ ಮರೆತಿಲ್ಲ.

ಬೂಸನ್ನೂ ದಾಟಿ ಒಳ್ಳೆಯ ಕ್ಯಾಲಸ್ ಬಂತು ಅಂತಿಟ್ಟುಕೊಳ್ಳಿ. ಒಣಗಿಸಿ, ಅರೆದು, ಎಚ್‌ಪಿಎಲ್‌ಸಿ ಅನ್ನುವ, ಬೆರೆತ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರದಲ್ಲಿ ಹಾಕಿ ನೋಡಿದರೆ ಬಹಳ ಸಲ ನಿರಾಸೆಯೇ. ಕಾಡಿನ ಗಿಡದಲ್ಲಿ ಇರುವುದರ ಸಣ್ಣ ಪಾಲೂ ಅದರಲ್ಲಿ ಇರುವುದಿಲ್ಲ. ಕಾರಣ ಕಾಕಾ ಹೇಳಿದ್ದೇ. ಬಾಟಲಿ ಅಂದರೆ ಹಿತ್ತಲಿಗಿಂತ ಹೆಚ್ಚಿನ ಸುಖದ ಜಾಗ. ಬಾಯಿಗೇ ಸಕ್ಕರೆ ಬರುತ್ತದೆ, 25 ಡಿಗ್ರಿ ತಂಪು, ಹುಳ ಇಲ್ಲ, ಬೂಸು ಇಲ್ಲ, ಸುಡುವ ಬಿಸಿಲಿಲ್ಲ. ಕಳ್ಳರೇ ಇಲ್ಲದ ಊರಲ್ಲಿ ಕಾವಲುಗಾರ ಯಾಕೆ ಬೇಕು? ಜೀವಕೋಶ ಹೊಟ್ಟೆ ತುಂಬ ಉಂಡು ಸುಮ್ನೆ ಬೆಳೆಯುತ್ತಾ ಹೋಗುತ್ತದೆ.

ಇನ್ನೊಂದು ಕಾರಣವೂ ಇದೆ, ಇದನ್ನು ಮರೆತು ಬಹಳ ಜನ ಮೋಸ ಹೋಗುತ್ತಾರೆ. ಕೆಲವು ವಸ್ತುಗಳು ಆಗಬೇಕಾದರೆ ನಿಜವಾದ ಎಲೆಯೋ ಬೇರೋ ಇರಲೇಬೇಕು. ವಿನ್‌ಬ್ಲಾಸ್ಟಿನ್ ಎರಡು ತುಂಡು ಕೂಡಿ ಆಗುತ್ತದೆ. ಒಂದು ತುಂಡು ಕೆಥರಾಂಥಿನ್, ಅದನ್ನು ಕ್ಯಾಲಸ್ಸೂ ಮಾಡುತ್ತದೆ. ಇನ್ನೊಂದು ವಿಂಡೋಲಿನ್, ಅದರ ಕೊನೆಯ ಹಂತಗಳು ಎಲೆಯ ಜೀವಕೋಶಗಳಲ್ಲೇ ನಡೆಯಬೇಕು. ಮುದ್ದೆಯಾಗಿರುವ ಕ್ಯಾಲಸ್‌ಗೆ ಎಷ್ಟು ಪೆಟ್ಟು ಕೊಟ್ಟರೂ ಅದು ವಿಂಡೋಲಿನ್ ಮಾಡುವುದಿಲ್ಲ. ಕುಡಿಗಳನ್ನೇ ಬಾಟಲಿಯಲ್ಲಿ ಬೆಳೆಸಿ, ನೇರಳಾತೀತಕ್ಕೆ ಹತ್ತಿರದ ಬೆಳಕು ಕೊಟ್ಟಾಗ ಈ ಎರಡು ತುಂಡು ಕೂಡುವುದು ಹೆಚ್ಚಾಗುತ್ತದೆ ಅಂತ ಜಪಾನಿನವರು 1990ರ ದಶಕದಲ್ಲಿ ತೋರಿಸಿದರು. ಹಾಗಾಗಿ ಯಾವ ಗಿಡ, ಯಾವ ವಸ್ತು, ಅದು ಗಿಡದ ಯಾವ ಭಾಗದಲ್ಲಿ ಆಗುತ್ತದೆ ಅಂತ ಮೊದಲು ತಿಳಿಯಬೇಕು, ರೇಡಿಯೇಷನ್ ಮಾತು ಆಮೇಲೆ.

ಸುಖದಲ್ಲಿರುವ ಜೀವಕೋಶವನ್ನು ಎಬ್ಬಿಸಲು ಹಲವು ದಾರಿಗಳಿವೆ. ಬೂಸಿನ ಜೀವಕೋಶದ ಗೋಡೆಯ ಚೂರು ಹಾಕಿ ರೋಗ ಬಂತು ಅನ್ನಿಸಬಹುದು. ಗಿಡಕ್ಕೆ ಗಾಯವಾದಾಗ ಒಳಗೆ ಹುಟ್ಟುವ ಜಾಸ್ಮೊನೇಟ್ ಎಂಬ ವಸ್ತುವನ್ನು ಹೊರಗಿನಿಂದಲೇ ಹಾಕಬಹುದು. ಉಪ್ಪು, ಬರ, ಚಳಿ ಕೂಡ ನಡೆಯುತ್ತವೆ. ವಿಕಿರಣವೂ ಇಂಥದ್ದೇ ಒಂದು ಪೆಟ್ಟು. ಅದರ ಅನುಕೂಲ ಏನೆಂದರೆ ಮೀಡಿಯಾಕ್ಕೆ ಏನೂ ಸೇರುವುದಿಲ್ಲ, ಕೊನೆಗೆ ಏನೂ ತೆಗೆದು ಶುದ್ಧ ಮಾಡಬೇಕಿಲ್ಲ, ಮತ್ತೆ ಪೆಟ್ಟನ್ನು ಕರಾರುವಾಕ್ಕಾಗಿ ಅಳೆಯಬಹುದು.

ಅಳತೆಯ ಮಾನ ಗ್ರೇ. ಒಂದು ಕೆಜಿ ವಸ್ತುವಿನಲ್ಲಿ ಒಂದು ಜೂಲ್ ಶಕ್ತಿ ಇಳಿದರೆ ಅದು 1 ಗ್ರೇ. ಗಾಮಾ ಕಿರಣ ಸಾಮಾನ್ಯವಾಗಿ ಬರುವುದು ಕೋಬಾಲ್ಟ್-60ರಿಂದ, ಸೀಸದ ದಪ್ಪ ಗೋಡೆಯೊಳಗೆ ಅದನ್ನು ಇಟ್ಟಿರುತ್ತಾರೆ, ಬಾಟಲಿಯನ್ನು ಒಳಗಿಳಿಸಿ ಲೆಕ್ಕದ ಹೊತ್ತು ಬಿಟ್ಟು ತೆಗೆಯುತ್ತಾರೆ. ಕ್ಯಾಲಸ್ ಪ್ರಯೋಗಗಳಲ್ಲಿ ಹೆಚ್ಚಾಗಿ ಕೊಡುವುದು 5ರಿಂದ 50 ಗ್ರೇ. ಇದು ಎಷ್ಟು ದೊಡ್ಡದು? 20 ಗ್ರೇ ಕೊಟ್ಟರೆ ನೀರಿನ ಬಿಸಿ ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟೂ ಏರುವುದಿಲ್ಲ. ಅದೇ ಮನುಷ್ಯನ ಮೈಗೆಲ್ಲ 4-5 ಗ್ರೇ ಒಮ್ಮೆಲೇ ಬಿದ್ದರೆ, ಚಿಕಿತ್ಸೆ ಇಲ್ಲದಿದ್ದರೆ ಅರ್ಧ ಜನ ಬದುಕುವುದಿಲ್ಲ. ಶಕ್ತಿ ಕಡಿಮೆ, ಆದರೆ ಅದು ಅಣುವಿಗೇ ನೇರ ತಾಗುತ್ತದೆ. ನೂರು ಜನಕ್ಕೆ ಹಂಚಿ ತಟ್ಟಿದ ಚಪ್ಪಾಳೆಗೂ ಒಬ್ಬನ ಕಣ್ಣಿಗೆ ಚುಚ್ಚಿದ ಸೂಜಿಗೂ ಇರುವ ವ್ಯತ್ಯಾಸ ಇದು.

ಹುಬ್ಬಳ್ಳಿ ಎಪಿಎಂಸಿಗೆ ಉಳ್ಳಾಗಡ್ಡಿ ತರುವ ರೈತರಿಗೆ ಇನ್ನೊಂದು ಉದಾಹರಣೆ ಬೇಗ ಅರ್ಥವಾಗುತ್ತದೆ. ನಾಸಿಕ್ ಹತ್ತಿರದ ಲಾಸಲ್‌ಗಾಂವ್‌ನಲ್ಲಿ ಉಳ್ಳಾಗಡ್ಡಿಗೆ ಗಾಮಾ ಕಿರಣ ಕೊಡುವ ಘಟಕ ಇದೆ. ನೂರು ಗ್ರೇ ಒಳಗಿನ ಡೋಸ್‌ಗೇ ಗಡ್ಡೆ ಮೊಳಕೆ ಬಿಡುವುದು ನಿಲ್ಲುತ್ತದೆ. ಗಡ್ಡೆಗೆ ಏನೂ ಆಗುವುದಿಲ್ಲ, ಒಳಗಿನ ಕುಡಿಯ ಜೀವಕೋಶಗಳು ಒಡೆದು ಎರಡಾಗುವುದು ಮಾತ್ರ ನಿಲ್ಲುತ್ತದೆ. ಅಂದರೆ ಬೆಳೆಯುತ್ತಿರುವ ಜೀವಕೋಶಕ್ಕೆ ಪೆಟ್ಟು ಜಾಸ್ತಿ ತಾಗುತ್ತದೆ. ಕ್ಯಾಲಸ್ ಪೂರ್ತಿ ಬೆಳೆಯುತ್ತಿರುವ ಜೀವಕೋಶಗಳದ್ದೇ ಮುದ್ದೆ, ಮೇಲಾಗಿ ನೀರು ತುಂಬಿಕೊಂಡಿರುತ್ತದೆ. ಒಣಗಿದ ಬೀಜ ನೂರಾರು ಗ್ರೇ ತಡೆದುಕೊಳ್ಳುತ್ತದೆ. ಅದೇ ಲೆಕ್ಕ ಕ್ಯಾಲಸ್‌ಗೂ ಹಾಕಿದರೆ ಅದು ಕಪ್ಪಾಗಿ ಹೋಗುತ್ತದೆ.

ನೀರಿಗೂ ಇದಕ್ಕೂ ಏನು ಸಂಬಂಧ? ಇಲ್ಲೇ ಇಡೀ ಕೆಲಸದ ಗುಟ್ಟಿದೆ. ಗಾಮಾ ಕಿರಣ ಜೀವಕೋಶದ ಒಳಗೆ ಹೋದಾಗ ಹೆಚ್ಚಾಗಿ ಬಡಿಯುವುದು ನೀರಿನ ಅಣುವಿಗೆ, ಯಾಕೆಂದರೆ ಅಲ್ಲಿ ಅದೇ ಜಾಸ್ತಿ ಇರುವುದು. ನೀರು ಒಡೆದು ಹೈಡ್ರಾಕ್ಸಿಲ್ ರಾಡಿಕಲ್ ಎಂಬ ಬಹಳ ಚುರುಕಾದ ತುಣುಕು ಹುಟ್ಟುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಈಗ ಗಮನಿಸಿ, ಹುಳ ಕಚ್ಚಿದಾಗ, ಬೂಸು ಹತ್ತಿದಾಗ, ಬರ ಬಂದಾಗ ಕೂಡ ಗಿಡದ ಜೀವಕೋಶದಲ್ಲಿ ಇದೇ ಪೆರಾಕ್ಸೈಡ್ ಏರುತ್ತದೆ. ಅದು ಗಿಡಕ್ಕೆ ಅಪಾಯದ ಗಂಟೆ ಇದ್ದಂತೆ. ಗಂಟೆ ಬಾರಿಸಿದವರು ಯಾರು ಅಂತ ಜೀವಕೋಶ ವಿಚಾರಿಸುವುದಿಲ್ಲ. ಸುದ್ದಿ ಒಂದರಿಂದ ಒಂದಕ್ಕೆ ದಾಟುತ್ತದೆ, ಒಳಗೇ ಜಾಸ್ಮೊನೇಟ್ ಮತ್ತು ಸ್ಯಾಲಿಸಿಲಿಕ್ ಆಮ್ಲ ಹುಟ್ಟುತ್ತವೆ, ಮಲಗಿದ್ದ ಜೀನ್‌ಗಳು ಏಳುತ್ತವೆ, ಕಾವಲಿನ ವಸ್ತು ಮಾಡುವ ಕಿಣ್ವಗಳು ಹೆಚ್ಚುತ್ತವೆ. ನಮಗೆ ಬೇಕಾದ ಔಷಧಿ ಆ ಸಾಲಿನ ಕೊನೆಯಲ್ಲಿರುತ್ತದೆ.

ನೇರಳಾತೀತ ಬೆಳಕಿನ ದಾರಿ ಸ್ವಲ್ಪ ಬೇರೆ. ಸೂರ್ಯನ ಬಿಸಿಲಲ್ಲೇ ಇರುವ ಯುವಿ-ಬಿ, ಅಂದರೆ 280ರಿಂದ 315 ನ್ಯಾನೋಮೀಟರಿನದು, ಅದನ್ನು ಗುರುತಿಸಲು ಗಿಡಕ್ಕೆ ಯುವಿಆರ್8 ಅನ್ನುವ ಒಂದು ಪ್ರೋಟೀನೇ ಇದೆ. ಅದು ಹೀಗೆ ಕೆಲಸ ಮಾಡುತ್ತದೆ ಅಂತ ಖಚಿತವಾಗಿದ್ದು 2011ರಲ್ಲಿ. ಈ ಬೆಳಕು ಬಿದ್ದ ಕೂಡಲೇ ಗಿಡ ಬಿಸಿಲು ತಡೆಯುವ ಫ್ಲೇವನಾಯ್ಡ್‌ಗಳನ್ನು ಮಾಡಲು ತೊಡಗುತ್ತದೆ. ಯುವಿ-ಸಿ ಇನ್ನೂ ಒರಟು, ಬಿಸಿಲಲ್ಲಿ ನಮಗೆ ಅದು ಸಿಗುವುದಿಲ್ಲ, ಗಾಳಿಯ ಮೇಲ್ಪದರ ತಡೆದುಬಿಡುತ್ತದೆ. ದ್ರಾಕ್ಷಿಯ ಜೀವಕೋಶಗಳಿಗೆ ಅದನ್ನು ಕೊಟ್ಟರೆ ರೆಸ್ವೆರಟ್ರಾಲ್ ಎಂಬ ಕಾವಲಿನ ವಸ್ತು ಏರುತ್ತದೆ ಅಂತ ಹಲವು ಪ್ರಯೋಗಗಳಲ್ಲಿ ಕಂಡಿದೆ.

ಗಾಮಾ ಚೇಂಬರ್ ಎಲ್ಲ ಕಾಲೇಜಲ್ಲೂ ಇರುವುದಿಲ್ಲ, ಆದರೆ ಯುವಿ ದೀಪ ಲ್ಯಾಮಿನಾರ್ (ಸೋಸಿದ ಗಾಳಿ ಬೀಸುವ, ಕ್ರಿಮಿ ಸೇರದ ಕೆಲಸದ ಪೆಟ್ಟಿಗೆ) ಇರುವ ಪ್ರತಿ ಲ್ಯಾಬಲ್ಲೂ ಇರುತ್ತದೆ, ಕ್ರಿಮಿ ಕೊಲ್ಲಲು ಇಟ್ಟ 254 ನ್ಯಾನೋಮೀಟರಿನ ದೀಪ. ಇದನ್ನು ನೋಡಿ ನಾನೂ ಒಮ್ಮೆ ಪ್ರಯೋಗಕ್ಕೆ ಇಳಿದೆ. ಬಾಟಲಿಗಳನ್ನು ದೀಪದ ಕೆಳಗೆ 5, 10, 20 ನಿಮಿಷ ಇಟ್ಟೆ. ಒಂದಕ್ಕೂ ವ್ಯತ್ಯಾಸ ಬರಲಿಲ್ಲ. ಎರಡು ತಿಂಗಳ ನಂತರ ನಮ್ಮ ಹಿರಿಯರೊಬ್ಬರು "ಗಾಜಿನ ಬಾಟಲಿ ಮುಚ್ಚಳ ಹಾಕೇ ಇಟ್ಟಿದ್ದೀಯಲ್ಲ" ಅಂದರು. ಸಾದಾ ಗಾಜು ಯುವಿ-ಸಿಯನ್ನೂ ಯುವಿ-ಬಿಯ ಬಹುಪಾಲನ್ನೂ ತಡೆಯುತ್ತದೆ. ಒಳಗಿನ ಕ್ಯಾಲಸ್‌ಗೆ ಏನೂ ತಾಗಿಯೇ ಇರಲಿಲ್ಲ. ಲ್ಯಾಮಿನಾರ್ ಒಳಗೆ, ಮುಚ್ಚಳ ತೆಗೆದ ತಟ್ಟೆಯಲ್ಲಿ, ತೆಳುವಾಗಿ ಹರಡಿ ಕೊಡಬೇಕು. ಕಣ್ಣಿಗೂ ಚರ್ಮಕ್ಕೂ ಆ ಬೆಳಕು ತಾಗಬಾರದು. ಕೊಟ್ಟಾದ ಮೇಲೆ ಕತ್ತಲಲ್ಲಿ ಇಡಬೇಕೋ ಬೆಳಕಲ್ಲೋ ಅನ್ನುವುದನ್ನೂ ಮೊದಲೇ ನಿರ್ಧರಿಸಬೇಕು, ಯಾಕೆಂದರೆ ಯುವಿಯಿಂದ ಡಿಎನ್ಎಗೆ ಆದ ಗಾಯವನ್ನು ಗಿಡ ನೀಲಿ ಬೆಳಕಿನ ಸಹಾಯದಿಂದ ತಾನೇ ಹೊಲಿದುಕೊಳ್ಳುತ್ತದೆ. ಇದನ್ನು ಗಮನಿಸದೆ ಬೇರೆ ಬೇರೆ ಕಡೆ ಇಟ್ಟರೆ ಒಂದೇ ಡೋಸ್‌ಗೆ ಎರಡು ಉತ್ತರ ಬರುತ್ತವೆ.

ಡೋಸ್ ವಿಷಯದಲ್ಲಿ ಇನ್ನೊಂದು ಲೆಕ್ಕ ತಪ್ಪಿಸಿಕೊಳ್ಳುತ್ತದೆ. ಹತ್ತು ಪಟ್ಟು ಏರಿತು, ಹದಿನೈದು ಪಟ್ಟು ಏರಿತು ಅಂತ ಓದುತ್ತೇವೆ. ಯಾವುದರ ಹತ್ತು ಪಟ್ಟು? ಉದಾಹರಣೆಗೆ ಲೆಕ್ಕ ಹಾಕೋಣ. ಪೆಟ್ಟು ಕೊಡದ ಬಾಟಲಿಯಲ್ಲಿ 10 ಗ್ರಾಂ ಒಣ ಕ್ಯಾಲಸ್, ಗ್ರಾಂಗೆ 1 ಮಿಲಿಗ್ರಾಂ ಔಷಧಿ, ಒಟ್ಟು 10. ಪೆಟ್ಟು ಕೊಟ್ಟದ್ದರಲ್ಲಿ ಗ್ರಾಂಗೆ 2 ಮಿಲಿಗ್ರಾಂ, ಆದರೆ ಬೆಳವಣಿಗೆ ಕುಂಠಿತವಾಗಿ 4 ಗ್ರಾಂ ಮಾತ್ರ ಬಂತು, ಒಟ್ಟು 8. ಕಾಗದದ ಮೇಲೆ ದುಪ್ಪಟ್ಟು, ಕೈಗೆ ಬಂದಿದ್ದು ಕಡಿಮೆ. ಅದಕ್ಕೇ ಅನುಭವ ಇರುವವರು ಎರಡು ಹಂತ ಮಾಡುತ್ತಾರೆ: ಮೊದಲು ಸುಖದಲ್ಲಿಟ್ಟು ಚೆನ್ನಾಗಿ ಬೆಳೆಸುವುದು, ಬೆಳವಣಿಗೆ ನಿಲ್ಲುವ ಹೊತ್ತಿಗೆ ಪೆಟ್ಟು ಕೊಟ್ಟು ಕೆಲವು ದಿನಗಳಲ್ಲೇ ಕೊಯ್ಯುವುದು. ಜೋಳಕ್ಕೆ ಮೊದಲು ಮಳೆ ಬೇಕು, ತೆನೆ ಗಟ್ಟಿಯಾಗುವಾಗ ಒಣ ಹವೆ ಬೇಕು ಅನ್ನುತ್ತೇವಲ್ಲ, ಹಾಗೇ.

ಇಲ್ಲಿಯವರೆಗೆ ಹೇಳಿದ್ದು ಬೆದರಿಸುವ ಕೆಲಸ. ಬೆದರಿಕೆ ಇಳಿದ ಮೇಲೆ ಜೀವಕೋಶ ಮತ್ತೆ ಮೊದಲಿನ ಹಾಗೆ ಆಗುತ್ತದೆ. ಗಾಮಾ ಕಿರಣ ಇನ್ನೊಂದು ಕೆಲಸವನ್ನೂ ಮಾಡುತ್ತದೆ, ಡಿಎನ್ಎಯನ್ನೇ ಬದಲಾಯಿಸುತ್ತದೆ. ಇದು ಹೋಗುವುದಿಲ್ಲ, ಮರಿಗಳಿಗೂ ಬರುತ್ತದೆ. ಎಕ್ಸ್-ರೇಯಿಂದ ಹೀಗೆ ಆಗುತ್ತದೆ ಅಂತ ನೊಣಗಳಲ್ಲಿ ಮುಲ್ಲರ್ 1927ರಲ್ಲಿ, ಬಾರ್ಲಿಯಲ್ಲಿ ಸ್ಟ್ಯಾಡ್ಲರ್ 1928ರಲ್ಲಿ ತೋರಿಸಿದರು. ನಮ್ಮ ಕಡೆ ಶೇಂಗಾ ಬೆಳೆಯುವವರಿಗೆ ಟಿಎಜಿ-24 ಗೊತ್ತಿರುತ್ತದೆ. ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದ ಆ ತಳಿಯ ಹಿರೀಕರು ವಿಕಿರಣದಿಂದ ಬದಲಾದ ಶೇಂಗಾಗಳೇ. ಅದೇ ಕೇಂದ್ರದವರು ದುರ್ವಾಸನೆ ಮರದ ಕ್ಯಾಲಸ್‌ಗೂ ಗಾಮಾ ಕೊಟ್ಟು, ಕ್ಯಾಂಪ್ಟೊಥೆಸಿನ್ ಏರುವುದನ್ನು ತೋರಿಸಿದ್ದಾರೆ.

ಬದಲಾವಣೆ ಎಲ್ಲಿ ಆಗುತ್ತದೆ ಅಂತ ನಾವು ಹೇಳಲು ಬರುವುದಿಲ್ಲ. ಕಣ್ಣು ಕಟ್ಟಿ ಕಲ್ಲು ಎಸೆದಂತೆ. ಹೆಚ್ಚಿನವು ವ್ಯರ್ಥ, ಎಷ್ಟೋ ಕೇಡು, ಎಲ್ಲೋ ಒಂದು ಒಳ್ಳೆಯದು. ಕ್ಯಾಲಸ್ಸಿನ ಮುದ್ದೆಯಲ್ಲಿ ಪ್ರತಿ ಜೀವಕೋಶಕ್ಕೂ ಬೇರೆ ಬೇರೆ ಬದಲಾವಣೆ ಆಗಿರುತ್ತದೆ. ಅವನ್ನು ಬಿಡಿಸಿ, ಸಣ್ಣ ಸಣ್ಣ ಗುಂಪುಗಳಾಗಿ ಬೆಳೆಸಿ, ಒಂದೊಂದನ್ನೂ ಅಳೆದು, ಚೆನ್ನಾಗಿರುವುದನ್ನು ಉಳಿಸಿಕೊಂಡು, ಮತ್ತೆ ನಾಲ್ಕು ವಾರಕ್ಕೊಮ್ಮೆ ಹೊಸ ಮೀಡಿಯಾಕ್ಕೆ ಬದಲಿಸುತ್ತಾ ತಿಂಗಳುಗಟ್ಟಲೆ ಗುಣ ನಿಲ್ಲುತ್ತದೋ ನೋಡಬೇಕು. ಬೆದರಿಸಿದ್ದರಿಂದ ಏರಿತೋ, ಬದಲಾಗಿದ್ದರಿಂದ ಏರಿತೋ ಅಂತ ಗೊತ್ತಾಗುವುದೂ ಇದರಿಂದಲೇ. ಮೊದಲ ಕೊಯ್ಲಿನಲ್ಲೇ ಅಳೆದು ನಿಲ್ಲಿಸಿದ ಕೆಲಸಕ್ಕೆ ನಾನಂತೂ ಪೂರ್ತಿ ಮನಸ್ಸು ಒಪ್ಪಿಸುವುದಿಲ್ಲ.

ಇದನ್ನೆಲ್ಲ ಕೇಳಿ ಕಾಕಾ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲೋ, ರೇಡಿಯೇಷನ್ ಹೊಡೆದ ಔಷಧ ಕ್ಯಾನ್ಸರ್‌ನವ್ರಿಗೆ ಕೊಡ್ತೀರಿ, ಅದು ಮತ್ತ ಅದನ್ನ ತರಂಗಿಲ್ಲೇನು?" ಬಹಳ ಜನರ ಮನಸ್ಸಲ್ಲಿ ಇರುವ ಪ್ರಶ್ನೆ ಇದು. ಕೋಬಾಲ್ಟ್‌ನ ಗಾಮಾ ಕಿರಣ ವಸ್ತುವಿನ ಮೂಲಕ ಹಾದುಹೋಗುತ್ತದೆ, ಅದರೊಳಗೆ ಉಳಿಯುವುದಿಲ್ಲ, ಅದನ್ನು ವಿಕಿರಣಶೀಲ ಮಾಡುವಷ್ಟು ಶಕ್ತಿಯೂ ಅದಕ್ಕಿಲ್ಲ. ಎಕ್ಸ್-ರೇ ತೆಗೆಸಿಕೊಂಡು ಬಂದವರು ಮನೆಯಲ್ಲಿ ಮಿಂಚುವುದಿಲ್ಲವಲ್ಲ. ಅಮೆರಿಕಕ್ಕೆ ಹೋಗುವ ನಮ್ಮ ಮಾವಿನಹಣ್ಣು 2007ರಿಂದ 400 ಗ್ರೇ ಪಡೆದೇ ಹೋಗುತ್ತಿದೆ. ಮತ್ತೆ ರೋಗಿಗೆ ಕೊಡುವುದು ಕ್ಯಾಲಸ್ಸನ್ನಲ್ಲ, ಅದರಿಂದ ತೆಗೆದು ಶುದ್ಧ ಮಾಡಿದ ಒಂದೇ ವಸ್ತುವನ್ನು. ಮರದ ಕ್ಯಾಂಪ್ಟೊಥೆಸಿನ್ನೂ ಬಾಟಲಿಯ ಕ್ಯಾಂಪ್ಟೊಥೆಸಿನ್ನೂ ಅಣುವಿಗೆ ಅಣು ಒಂದೇ. ಎಚ್ಚರ ಬೇಕಾಗಿರುವುದು ಯಂತ್ರದ ಹತ್ತಿರ ಕೆಲಸ ಮಾಡುವವರಿಗೆ.

ಜೀವಕೋಶದಿಂದ ಔಷಧಿ ಮಾಡಿ ಮಾರುವುದು ಹೊಸದೇನಲ್ಲ. ಜಪಾನಿನಲ್ಲಿ 1983ರಲ್ಲೇ ಶಿಕೋನಿನ್ ಎಂಬ ಕೆಂಪು ವಸ್ತುವನ್ನು ಹೀಗೆ ಮಾಡಿ ಲಿಪ್‌ಸ್ಟಿಕ್‌ಗೂ ಹಾಕಿದರು. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಔಷಧಿಗೆ ಮೊದಲು ಯೂ ಮರದ ತೊಗಟೆ ಸುಲಿಯುತ್ತಿದ್ದರು, ಈಗ ಅದು ಟ್ಯಾಂಕಿನಲ್ಲಿ ಬೆಳೆದ ಜೀವಕೋಶಗಳಿಂದಲೂ ಬರುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದವರು ಅಶ್ವಗಂಧದ ಜೀವಕೋಶ ಮತ್ತು ಬೇರುಗಳನ್ನು ಹೀಗೆ ಬೆಳೆಸಿ ವಿಥನೊಲೈಡ್ ಎಂಬ ಅದರ ಔಷಧಿ ವಸ್ತು ತೆಗೆಯುವ ಕೆಲಸ ವರ್ಷಗಟ್ಟಲೆ ಮಾಡಿದ್ದಾರೆ.

ಈ ಸಲ ಊರಿಂದ ಬರುವಾಗ ಕಾಕಾ ಎರಡೂ ಬಳ್ಳಿಗಳ ಕಡ್ಡಿ ಕೊಟ್ಟರು, ಬದುವಿನದಕ್ಕೆ ಕೆಂಪು ದಾರ, ಹಿತ್ತಲಿನದಕ್ಕೆ ಬಿಳಿ ದಾರ ಕಟ್ಟಿ. ಎರಡರಿಂದಲೂ ಕ್ಯಾಲಸ್ ಏಳುತ್ತಿದೆ. ಬಾಟಲಿಯಲ್ಲಿ ಎರಡೂ ಒಂದೇ ಥರ ಕಾಣುತ್ತಿವೆ. ಮುಂದಿನ ತಿಂಗಳು ಮುಚ್ಚಳ ತೆಗೆದು ಯುವಿ ಕೊಡಬೇಕು, ಪ್ರತಿಯೊಂದಕ್ಕೂ ಪೆಟ್ಟು ಕೊಡದ ಒಂದು ಜೋಡಿ ತಟ್ಟೆ ಪಕ್ಕಕ್ಕೆ ಇಟ್ಟು.